ಬೈಲಕುಪ್ಪೆಯ ಗೊಂಪಗಳು (ಟಿಬೆಟನ್ ಬೌದ್ಧ ಮಠಗಳು), ಸುತ್ತಲಿನ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಟಿಬೆಟನ್ನರ ವಸತಿ (ನಾವು "ಕ್ಯಾಂಪ್" ಅನ್ನುತ್ತೇವೆ) ಇರುವ ಬೈಲಕುಪ್ಪೆಗೆ ಹತ್ತಿರ. ನೆಂಟರು ಬೆಂಗಳೂರಿಂದ ಮಡಿಕೇರಿಗೆ ಹೊರಟರೆ ನಮ್ಮ ಮನೆಯಲ್ಲಿ ಒಂದು ಕಾಫಿ, ಆಮೇಲೆ "ಹಾಗೇ ಗೋಲ್ಡನ್ ಟೆಂಪಲ್ ತೋರಿಸ್ಬಿಡು" ಅನ್ನುವ ಮಾತು. ಕೊಪ್ಪ ಗೇಟಿನಿಂದ ಕಾರು ಒಳಗೆ ತಿರುಗಿದ ಕೂಡಲೇ ಪ್ರಶ್ನೆಗಳು ಶುರು. ವಾಪಸ್ ಹೋದ ಮೇಲೆ ಫೋನಿನಲ್ಲಿ, ಮೆಸೇಜಿನಲ್ಲಿ ಇನ್ನೊಂದಿಷ್ಟು. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಬಾಯಿಂದ ಬಂದ ಹಾಗೇ ಇವೆ.

## ಮೊದಲ ಸಲ ಬರುವವರು ಕೇಳುವುದು

ಗೋಲ್ಡನ್ ಟೆಂಪಲ್ ಇರೋದು ಅಮೃತಸರದಲ್ಲಿ ಅಲ್ವಾ? ಇಲ್ಲಿಗೆ ಆ ಹೆಸರು ಹೇಗೆ ಬಂತು?

ಆ ಹೆಸರು ಪ್ರವಾಸಿಗರು ಮತ್ತು ಆಟೋದವರು ಇಟ್ಟದ್ದು. ಮಠದ ಹೆಸರು ನಾಮ್‌ಡ್ರೋಲಿಂಗ್. ಟಿಬೆಟನ್ ಬೌದ್ಧರಲ್ಲಿ ನಾಲ್ಕು ಮುಖ್ಯ ಪಂಥಗಳಿವೆ: ನ್ಯಿಂಗ್ಮಾ, ಕಾಗ್ಯು, ಸಾಕ್ಯ, ಗೆಲುಗ್. ಇದು ನ್ಯಿಂಗ್ಮಾದವರದು. 1963ರಲ್ಲಿ ಪೆನೋರ್ ರಿಂಪೋಚೆ ಎಂಬ ಗುರು ಕೈಬೆರಳಲ್ಲಿ ಎಣಿಸುವಷ್ಟು ಜನ ಲಾಮಾಗಳನ್ನು ಕಟ್ಟಿಕೊಂಡು ಬಿದಿರಿನ ಒಂದು ಚಿಕ್ಕ ಗುಡಿಯಿಂದ ಶುರು ಮಾಡಿದರು. ನೀವು ಫೋಟೋದಲ್ಲಿ ನೋಡುವ ಚಿನ್ನದ ಬಣ್ಣದ ದೊಡ್ಡ ಗುಡಿ ಬಹಳ ಈಚಿನದು. 1999ರಲ್ಲಿ ದಲೈ ಲಾಮಾ ಬಂದು ಉದ್ಘಾಟಿಸಿದರು. ಒಳಗೆ ನಡುವೆ 60 ಅಡಿಯ ಬುದ್ಧ, ಎರಡು ಪಕ್ಕದಲ್ಲಿ 58 ಅಡಿಯ ಪದ್ಮಸಂಭವ (ಟಿಬೆಟ್‌ಗೆ ಬೌದ್ಧ ಧರ್ಮ ಒಯ್ದ ಗುರು) ಮತ್ತು ಅಮಿತಾಯುಸ್ (ದೀರ್ಘಾಯುಷ್ಯದ ಬುದ್ಧ). ತಾಮ್ರದ ಮೂರ್ತಿಗಳಿಗೆ ಚಿನ್ನದ ಲೇಪ.

ಬೈಲಕುಪ್ಪೆ ಅಂದರೆ ಇದೊಂದೇ ಅಂತ ತಿಳಿಯಬೇಡಿ. ಸೆರಾ, ಟಾಶಿ ಲ್ಹುಂಪೊ ಮಠಗಳು, ಸಾಕ್ಯದವರದು, ಕಾಗ್ಯುದವರದು, ಎಲ್ಲ ಇವೆ. ಸೆರಾ ಇದಕ್ಕಿಂತ ದೊಡ್ಡ ಊರು. ಅಲ್ಲಿಗೆ ಟೂರಿಸ್ಟ್ ಬಸ್ ಹೋಗುವುದು ಕಡಿಮೆ, ಹಾಗಾಗಿ ನನಗೆ ಅದೇ ಇಷ್ಟ.

ಒಳಗೆ ಹೋಗೋಕೆ ಬೌದ್ಧರಾಗಿರಬೇಕಾ? ಟಿಕೆಟ್ ಇದೆಯಾ?

ಎರಡೂ ಇಲ್ಲ. ಚಪ್ಪಲಿ ಹೊರಗೆ ಬಿಡಿ, ಬಲಕ್ಕೆ ಪ್ರದಕ್ಷಿಣೆ ಹಾಕಿ, ನಮ್ಮ ದೇವಸ್ಥಾನದ ಹಾಗೇ. ಪೂಜೆ ನಡೆಯುತ್ತಿದ್ದರೆ ಸಾಲುಗಳ ನಡುವೆ ನುಗ್ಗಬೇಡಿ. ಇನ್ನೊಂದು ಮಾತು: ಹತ್ತು ವರ್ಷದ ಚಿಕ್ಕ ಲಾಮಾನನ್ನು ಹಿಡಿದು ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ಪ್ರತಿ ಭಾನುವಾರ ನೋಡುತ್ತೇನೆ. ಅದು ಹಾಸ್ಟೆಲ್ ಹುಡುಗ, ಪಾಠ ಬಿಟ್ಟು ಆಡೋಕೆ ಹೊರಟವನು. ಕೇಳಿ ತೆಗೆಯಿರಿ, ಬೇಡ ಅಂದರೆ ಬಿಡಿ. ವಿದೇಶದ ನೆಂಟರು ಕ್ಯಾಂಪಿನಲ್ಲಿ ರಾತ್ರಿ ಉಳಿಯುವುದಾದರೆ ಮಾತ್ರ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದನ್ನು ಮೊದಲೇ ಮಾಡಿಸಿಕೊಳ್ಳಲಿ.

ಅರ್ಚನೆ ಮಾಡಿಸಬಹುದಾ? ತೀರ್ಥ, ಪ್ರಸಾದ ಕೊಡ್ತಾರಾ?

ನಮ್ಮ ಅತ್ತೆ ತೆಂಗಿನಕಾಯಿ, ಊದುಬತ್ತಿ, ಬಾಳೆಹಣ್ಣು ಎಲ್ಲ ಬುಟ್ಟಿಯಲ್ಲಿಟ್ಟು ತಂದಿದ್ದರು. ಕಾಯಿ ಒಡೆಯುವವರು ಯಾರೂ ಸಿಗಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಲಾಮಾ ನಗುತ್ತಾ ಬುಟ್ಟಿ ತೆಗೆದುಕೊಂಡು ಇಡೀ ಕಾಯಿಯನ್ನೇ ಬುದ್ಧನ ಮುಂದೆ ಇಟ್ಟರು. ಅತ್ತೆಗೆ ಅರ್ಧ ಸಮಾಧಾನ.

ಗೊಂಪ ಅಂದರೆ ಮೊದಲು ಓದುವ ಜಾಗ, ಆಮೇಲೆ ಗುಡಿ. ಅಲ್ಲಿನ ಪೂಜೆ ಭಕ್ತರು ಬಂದಾಗ ನಡೆಯುವಂಥದ್ದಲ್ಲ, ಅದಕ್ಕೆ ತನ್ನದೇ ದಿನಚರಿ ಇದೆ. ನೀವು ದೀಪ ಹಚ್ಚಿಸಬಹುದು, ಹಣ ಕೊಟ್ಟು ಹೆಸರು ಹೇಳಿಸಿ ಪ್ರಾರ್ಥನೆ ಮಾಡಿಸಬಹುದು. ದೊಡ್ಡ ಪೂಜೆಯ ದಿನ ಬಿಸ್ಕತ್ತು, ಹಣ್ಣು, ಜ್ಯೂಸ್ ಎಲ್ಲ ದೇವರ ಮುಂದೆ ಇಟ್ಟು ಕೊನೆಯಲ್ಲಿ ಹಂಚುತ್ತಾರೆ. ಅದಕ್ಕೆ ಛೋಗ್ ಅನ್ನುತ್ತಾರೆ. ಅದೇ ಅವರ ಪ್ರಸಾದ. ಬಾಗಿಲ ಹತ್ತಿರ ನಿಂತಿದ್ದರೆ ನಿಮಗೂ ಒಂದು ಬಿಸ್ಕತ್ ಪ್ಯಾಕೆಟ್ ಬರುತ್ತೆ.

ಲಾಮಾಗಳೆಲ್ಲ ಟಿಬೆಟ್‌ನವರೇನಾ? ಕನ್ನಡ ಬರುತ್ತಾ?

ಮೊದಲು ಹಾಗಿತ್ತು. 2008ರ ನಂತರ ಟಿಬೆಟ್‌ನಿಂದ ಗಡಿ ದಾಟಿ ಬರುವವರು ಬಹಳ ಕಡಿಮೆಯಾದರು. ಈಗ ಬರುವ ಹುಡುಗರಲ್ಲಿ ಲಡಾಖ್, ಅರುಣಾಚಲ, ಸಿಕ್ಕಿಂ, ಕಿನ್ನೌರ್, ನೇಪಾಳ, ಭೂತಾನ್ ಕಡೆಯವರೇ ಜಾಸ್ತಿ.

ಕನ್ನಡದ ವಿಷಯ ಹೀಗೆ: ಇಲ್ಲೇ ಹುಟ್ಟಿ ಹೊಲ, ಅಂಗಡಿ ನೋಡಿಕೊಳ್ಳುವ ಟಿಬೆಟನ್ನರ ಬಾಯಲ್ಲಿ ನಮ್ಮ ಸೀಮೆಯ ಕನ್ನಡ ಚೆನ್ನಾಗಿದೆ. ಫೋನಿನಲ್ಲಿ ಮಾತಾಡಿದರೆ ಗೊತ್ತೇ ಆಗಲ್ಲ. ಓದುವ ಲಾಮಾಗಳಿಗೆ ಬರುವುದು ಅಂಗಡಿ ಕನ್ನಡ, "ಎಷ್ಟು", "ಬೇಡ", "ನಾಳೆ ಬನ್ನಿ", ಅಷ್ಟೇ. ನೀವು ಹಿರಿಯರನ್ನು ಕಂಡರೆ "ಟಾಶಿ ದೆಲೆ" ಅನ್ನಿ. ಹೆಂಗಸಾದರೆ "ಆಮಾ ಲಾ", ಗಂಡಸಾದರೆ "ಪಾ ಲಾ". ಆ "ಲಾ" ನಮ್ಮ "ಅವರೇ" ಇದ್ದ ಹಾಗೆ, ಮರ್ಯಾದೆಗೆ ಸೇರಿಸುವುದು.

## ಜಮೀನು, ದುಡ್ಡು, ಕೆಲಸ

ಇಷ್ಟೊಂದು ಜಮೀನು ಅವರಿಗೆ ಯಾರು ಕೊಟ್ಟರು? ನಮ್ಮೂರಿನವರಿಗೆ ಕೊಡಬಹುದಿತ್ತಲ್ಲ?

ಈ ಪ್ರಶ್ನೆ ಕೇಳದ ಸ್ಥಳೀಯರಿಲ್ಲ. ನಾನೂ ಕೇಳಿದ್ದೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ. ಅವರನ್ನು ನೆಲೆ ನಿಲ್ಲಿಸಲು ಜಾಗ ಕೊಡಿ ಎಂದು ನೆಹರು ರಾಜ್ಯಗಳಿಗೆ ಪತ್ರ ಬರೆದರು. ಆಗಿನ ಮೈಸೂರು ರಾಜ್ಯ ಧಾರಾಳವಾಗಿ ಮುಂದೆ ಬಂತು. ದಲೈ ಲಾಮಾ ಇದಕ್ಕಾಗಿ ಎಸ್. ನಿಜಲಿಂಗಪ್ಪನವರ ಹೆಸರು ಹೇಳಿ ನೆನೆಯುತ್ತಾರೆ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಗುತ್ತಿಗೆಗೆ ಸಿಕ್ಕಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ದೇಶದ ಮೊದಲ ದೊಡ್ಡ ಟಿಬೆಟನ್ ವಸತಿ ಇದು. ಎರಡನೆಯದು, ಡಿಕ್ಯಿ ಲಾರ್ಸೊ, ಪಕ್ಕದಲ್ಲೇ 1969ರಲ್ಲಿ. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಸೇರಿ ರಾಜ್ಯದಲ್ಲಿ ಒಟ್ಟು ಐದು.

ಕೊಟ್ಟದ್ದು ಸಿದ್ಧ ಹೊಲವಲ್ಲ, ಕಾಡು. ಡೇರೆ, ಬಿದಿರು ಗುಡಿಸಲು, ರಾತ್ರಿ ಆನೆ. ಚಳಿ ದೇಶದವರು ಈ ಸೆಕೆಗೆ, ಜ್ವರಕ್ಕೆ ಸತ್ತದ್ದೂ ಇದೆ. ನಮ್ಮ ತಾತ ಆ ಕಾಡು ಕಡಿಯುವ ಕೂಲಿಗೆ ಹೋಗಿದ್ದರು. ಆನೆ ಬಂದಾಗ ತಗಡಿನ ಡಬ್ಬ ಬಡಿಯುವುದನ್ನು ಟಿಬೆಟ್‌ನವರಿಗೆ ಕಲಿಸಿದ್ದೇ ತಾವು ಎಂದು ಹೇಳಿಕೊಳ್ಳುತ್ತಿದ್ದರು. ಎಷ್ಟು ನಿಜವೋ, ತಾತನ ಬಾಯಲ್ಲಿ ಎಲ್ಲವನ್ನೂ ಅವರೇ ಕಲಿಸಿದ್ದು.

ಒಂದು ವಿಷಯ ಮರೆಯಬಾರದು. ಜಮೀನು ಅವರ ಸ್ವಂತದ್ದಲ್ಲ. ಮಾರುವ ಹಾಗಿಲ್ಲ. ಕೇಂದ್ರ ಸರ್ಕಾರ 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿ ತಂದಾಗ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಅರವತ್ತು ವರ್ಷ ಉತ್ತ ನೆಲದ ಮೇಲೆ ಪಹಣಿಯಲ್ಲಿ ಹೆಸರಿಲ್ಲ ಅಂದರೆ ಏನು ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ನಮ್ಮವರಿಗೆ ಕೊಡಬಹುದಿತ್ತಲ್ಲ" ಅನ್ನುವುದಕ್ಕೆ ನೇರ ಉತ್ತರ ನನ್ನ ಹತ್ತಿರ ಇಲ್ಲ. ಆ ಕಾಡಿನಲ್ಲಿ ದನ ಮೇಯಿಸುತ್ತಿದ್ದವರು, ಸೌದೆ ತರುತ್ತಿದ್ದವರು ಜಾಗ ಕಳೆದುಕೊಂಡದ್ದು ನಿಜ. ಅದನ್ನು ಸುಮ್ನೆ ಮುಚ್ಚಿಡುವುದು ಸರಿಯಲ್ಲ.

ಗುಡಿಗೆ ಅಷ್ಟೊಂದು ಚಿನ್ನ, ದುಡ್ಡು ಎಲ್ಲಿಂದ ಬರುತ್ತೆ? ಸರ್ಕಾರ ಕೊಡುತ್ತಾ?

ಗುಡಿಗೆ ಸರ್ಕಾರದ ದುಡ್ಡಲ್ಲ. ಟಿಬೆಟನ್ನರಲ್ಲಿ ಜಿಂದಾ ಅಂತ ಒಂದು ಪದವಿದೆ. ಸೇವಾಕರ್ತ ಅನ್ನಿ, ದಾನಿ ಅನ್ನಿ. ಒಬ್ಬ ಜಿಂದಾ ಇಡೀ ಸಭೆಗೆ ಚಹಾ ಕೊಡಿಸಬಹುದು, ಊಟ ಹಾಕಿಸಬಹುದು, ತಲೆಗೆ ಇಷ್ಟು ಅಂತ ಪ್ರತಿ ಲಾಮಾನ ಕೈಗೂ ದುಡ್ಡು ಇಡಬಹುದು. ಸಭೆಯಲ್ಲಿ ಅವರ ಹೆಸರು ಓದುತ್ತಾರೆ. ದೊಡ್ಡ ಜಿಂದಾಗಳು ತೈವಾನ್, ಹಾಂಗ್‌ಕಾಂಗ್, ಸಿಂಗಪುರ, ಅಮೆರಿಕದವರು. ಸಣ್ಣವರು ಇಲ್ಲಿನ ಕ್ಯಾಂಪಿನವರೇ, ಸ್ವೆಟರ್ ಮಾರಿ ಬಂದ ಲಾಭದಲ್ಲಿ ವರ್ಷಕ್ಕೊಮ್ಮೆ ಚಹಾ ಕೊಡಿಸುವವರು.

ಹೌದು, ಚಳಿಗಾಲದಲ್ಲಿ ನಿಮ್ಮೂರ ಬೀದಿ ಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟ್‌ನವರಲ್ಲಿ ಎಷ್ಟೋ ಜನ ಇಲ್ಲಿಯವರು. ಆ ತಿಂಗಳುಗಳಲ್ಲಿ ಕ್ಯಾಂಪಿನ ಮನೆಗಳಲ್ಲಿ ಅಜ್ಜ, ಅಜ್ಜಿ, ಮಕ್ಕಳು ಮಾತ್ರ ಕಾಣುತ್ತಾರೆ.

ಅದು ಸರಿ, ಪಕ್ಕದ ಹಳ್ಳಿಗೆ ಇದರಿಂದ ಏನು ಸಿಗ್ತು?

ಇದಕ್ಕೆ ಉತ್ತರ ಬೇಕಾದರೆ ಚಿನ್ನದ ಗುಡಿಯ ಮುಂಬಾಗಿಲಿಗೆ ಹೋಗಬೇಡಿ, ಮಠದ ಅಡುಗೆಮನೆಯ ಹಿಂಬಾಗಿಲಿಗೆ ಬೆಳಗಿನ ಜಾವ ಬನ್ನಿ. ಪಿಕಪ್ ಗಾಡಿಯಿಂದ ಎಲೆಕೋಸು, ಆಲೂಗಡ್ಡೆ, ಮೂಲಂಗಿಯ ಮೂಟೆ ಇಳಿಯುತ್ತಿರುತ್ತದೆ. ತರುವವನು ನಮ್ಮ ಕಡೆಯವನು. ಲೆಕ್ಕ ಬರೆಯುವವನು ಲಾಮಾ. ಇಬ್ಬರೂ ಕನ್ನಡದಲ್ಲಿ ಜಗಳ ಆಡುತ್ತಿರುತ್ತಾರೆ. "ನಿನ್ನೆ ಕೋಸು ಕೊಳೆತಿತ್ತು." "ಸ್ವಾಮಿ, ಮಳೆ." "ಮಳೆಗೆ ದುಡ್ಡು ಕೊಡಲ್ಲ." ಒಳಗೆ ಮೂರು ಜನ ಇಳಿಯಬಹುದಾದಷ್ಟು ದೊಡ್ಡ ಪಾತ್ರೆ, ಸೌಟಿನ ಬದಲು ಸಲಿಕೆಯಷ್ಟು ಉದ್ದದ ಕೋಲು. ಸಾವಿರಾರು ಜನಕ್ಕೆ ದಿನಾ ಅಡುಗೆ ಅಂದರೆ ಅಕ್ಕಿ, ಮೈದಾ, ಹಾಲು, ಗ್ಯಾಸ್, ಎಲ್ಲ ಹೊರಗಿಂದಲೇ ಬರಬೇಕು. ಗಾರೆ ಕೆಲಸ, ವೆಲ್ಡಿಂಗ್, ಬಣ್ಣ ಹೊಡೆಯುವುದು, ಟ್ಯಾಕ್ಸಿ, ಆಟೋ, ಹೋಟೆಲು, ಲಾಡ್ಜು, ಇವೆಲ್ಲ ಸೇರಿದರೆ ಕೊಪ್ಪದಿಂದ ಕುಶಾಲನಗರದವರೆಗೆ ಎಷ್ಟು ಮನೆಯ ಒಲೆ ಉರಿಯುತ್ತದೆ ನೋಡಿ.

ಆಸ್ಪತ್ರೆಯನ್ನೂ ಸೇರಿಸಬೇಕು. ಕ್ಯಾಂಪಿನ ಆಸ್ಪತ್ರೆಗೆ, ಟಿಬೆಟನ್ ಔಷಧದ ಕ್ಲಿನಿಕ್ಕಿಗೆ ನಮ್ಮವರೂ ಹೋಗುತ್ತಾರೆ. ನಾಡಿ ಹಿಡಿದು ನೋಡಿ, ಕಪ್ಪು ಗುಳಿಗೆಗಳನ್ನು ಚಿಕ್ಕ ಕವರಿನಲ್ಲಿ ಹಾಕಿಕೊಡುತ್ತಾರೆ. ಬಿಸಿನೀರಲ್ಲಿ ತೆಗೆದುಕೊಳ್ಳಬೇಕು, ಕಹಿ ಅಂದರೆ ಕಹಿ. ಮಂಡಿನೋವಿಗೆ ಇದೇ ಆಗಬೇಕು ಅನ್ನುವ ಅಜ್ಜಂದಿರು ನಮ್ಮೂರಲ್ಲಿದ್ದಾರೆ.

ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕೊಂಡಿ ಇದೆ. ಮೈರಾಡ ಎಂಬ ಸಂಸ್ಥೆಯ ಹೆಸರು ಕೇಳಿರುತ್ತೀರಿ. 1968ರಲ್ಲಿ ಅದು ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆ ಸರ್ಕಾರದ ಜೊತೆ ಕೆಲಸ ಮಾಡಲು. ಆ ಕೆಲಸ ಮುಗಿದ ಮೇಲೆ, 1980ರ ದಶಕದಲ್ಲಿ, ಪೂರ್ತಿಯಾಗಿ ಸ್ಥಳೀಯ ಬಡವರ ಕಡೆ ತಿರುಗಿತು. ಸ್ವಸಹಾಯ ಸಂಘಗಳನ್ನು ಈ ದೇಶದಲ್ಲಿ ಮೊದಮೊದಲು ಕಟ್ಟಿದವರಲ್ಲಿ ಅದೂ ಒಂದು. ನಮ್ಮಮ್ಮನ ಸಂಘದ ಉಳಿತಾಯದ ಪುಸ್ತಕಕ್ಕೂ ಈ ಕ್ಯಾಂಪಿಗೂ ಹೀಗೊಂದು ದೂರದ ನೆಂಟಸ್ತಿಕೆ.

ಅವರ ಹೊಲ ನಮ್ಮವರೇ ಮಾಡ್ತಾರಂತೆ?

ಎಷ್ಟೋ ಕಡೆ ಹೌದು. ಮೊದಲು ಅವರೇ ಮುಸುಕಿನ ಜೋಳ ಬೆಳೆಯುತ್ತಿದ್ದರು. ಸೆರಾದ ಲಾಮಾಗಳೂ ಸ್ವತಃ ಹೊಲ ಮಾಡಿದವರು. 1970ರ ಸುಮಾರಿಗೆ ಅವರು ಬಂಗಾಳದ ಬಕ್ಸಾ ಕ್ಯಾಂಪಿನಿಂದ ಇಲ್ಲಿಗೆ ಬಂದಾಗ, ಪುಸ್ತಕದ ಜೊತೆ ಗುದ್ದಲಿಯನ್ನೂ ಹಿಡಿಯಬೇಕಾಯಿತು. ಈಗ ಯುವಕರು ಹೊರಗೆ ಹೋದರು, ಉಳಿದವರಿಗೆ ವಯಸ್ಸಾಯಿತು. ಹೊಲವನ್ನು ನಮ್ಮವರಿಗೆ ಬಿಟ್ಟುಕೊಡುತ್ತಾರೆ.

ಶುಂಠಿಯವರಿಗೆ ಕ್ಯಾಂಪಿನ ನೆಲದ ಮೇಲೆ ವಿಶೇಷ ಕಣ್ಣು. ಶುಂಠಿ ಹಾಕಿದ ನೆಲಕ್ಕೆ ಕೊಳೆ ರೋಗ ಬರುತ್ತದೆ, ಅಲ್ಲೇ ಮತ್ತೆ ಹಾಕಲು ಕೆಲವು ವರ್ಷ ಕಾಯಬೇಕು. ಹೊಸ ನೆಲ ಹುಡುಕುತ್ತಾ ಇರಬೇಕು. ಇದೆಲ್ಲ ಬಾಯಿಮಾತಿನ ವ್ಯವಹಾರ. ನಾನೂ ಒಮ್ಮೆ ಎರಡು ಎಕರೆಗೆ ಮಾತಾಡಿ ಮುಂಗಡ ಕೊಟ್ಟೆ. ಏಪ್ರಿಲ್ ಹೊತ್ತಿಗೆ ಹೋಗಿ ನೋಡಿದರೆ ಬೇರೆ ಯಾರೋ ಟ್ರ್ಯಾಕ್ಟರ್ ಹೊಡೆಸುತ್ತಿದ್ದರು. ಜಾಸ್ತಿ ದುಡ್ಡು ಕೊಟ್ಟಿದ್ದರು, ಅಷ್ಟೇ. ಮುಂಗಡ ವಾಪಸ್ ಬಂತು, ಮೂರು ಕಂತಿನಲ್ಲಿ. ಕಾಗದ ಇಲ್ಲದ ಮೇಲೆ ಯಾರ ಹತ್ತಿರ ಹೋಗಲಿ?

ಹಾಗಾದ್ರೆ ಜಗಳ ಆಗಲ್ವಾ?

ಆಗುತ್ತೆ. ಅಕ್ಕಪಕ್ಕದ ಮನೆಗಳಲ್ಲಿ ಆಗುವಂಥದ್ದೇ. ದನ ಹೊಲಕ್ಕೆ ನುಗ್ಗಿತು, ಬೈಕು ತಾಗಿತು, ಕೂಲಿ ಕಡಿಮೆ ಕೊಟ್ಟರು. ಈಚೆಗೆ ಜಾಸ್ತಿ ಆಗಿರುವುದು ಕಸದ ಮತ್ತು ಗಾಡಿಗಳ ಕಿರಿಕಿರಿ. ರಜೆ ದಿನ ಆ ಕಿರಿದಾದ ರಸ್ತೆಯಲ್ಲಿ ಹೊರ ಊರಿನ ಕಾರುಗಳು ನಿಂತರೆ, ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವವನು ಅರ್ಧ ಗಂಟೆ ಕಾಯಬೇಕು. ಆ ಸಿಟ್ಟು ಲಾಮಾಗಳ ಮೇಲೆ ತಿರುಗುತ್ತದೆ. ಚಿಪ್ಸ್ ಪ್ಯಾಕೆಟ್ ಎಸೆದವರು ಅಷ್ಟೊತ್ತಿಗೆ ಮಡಿಕೇರಿ ಸೇರಿರುತ್ತಾರೆ.

"ಅವರ ಹತ್ತಿರ ದುಡ್ಡಿದೆ, ನಮ್ಮ ಹತ್ತಿರ ಇಲ್ಲ" ಅನ್ನುವ ಮಾತು ಇನ್ನೂ ಆಳದ್ದು. ನಿರಾಶ್ರಿತರು ಅಂತ ಬಂದವರ ಮನೆ ಮುಂದೆ ಈಗ ಕಾರು, ಕಾಡು ಕಡಿದ ಕೂಲಿಯವನ ಮೊಮ್ಮಗ ಅದೇ ಮನೆಯಲ್ಲಿ ಡ್ರೈವರ್. ಸಿಟ್ಟು ಬರದೇ ಇರುತ್ತಾ? ಆದರೆ ಆ ಕಾರಿನ ಮಾಲೀಕ ಬ್ಯಾಂಕಿಗೆ ಹೋಗಿ ಜಮೀನಿನ ಮೇಲೆ ಸಾಲ ಕೇಳುವ ಹಾಗಿಲ್ಲ. ಇಬ್ಬರ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಸಾಮಾನ್ಯವಾಗಿ ಯಾರೂ ಇಡುವುದಿಲ್ಲ.

## ಇನ್ನೂ ಸ್ವಲ್ಪ ಒಳಗಿನ ಪ್ರಶ್ನೆಗಳು

ನಮ್ಮ ಜನರನ್ನ ಬೌದ್ಧರನ್ನಾಗಿ ಮಾಡ್ತಾರಾ?

ಮನೆ ಬಾಗಿಲಿಗೆ ಬಂದು ಧರ್ಮ ಹೇಳಿದ ಲಾಮಾನನ್ನು ನಾನು ಇದುವರೆಗೂ ನೋಡಿಲ್ಲ. ದಲೈ ಲಾಮಾ ಅವರಂತೂ ನಿಮ್ಮ ನಿಮ್ಮ ಧರ್ಮದಲ್ಲೇ ಇರುವುದು ಒಳ್ಳೆಯದು ಎಂದು ಎಲ್ಲ ಕಡೆ ಹೇಳುತ್ತಾರೆ. ನಡೆಯುವುದು ಬೇರೆ ಥರ. ಮಗು ರಾತ್ರಿ ಬೆಚ್ಚಿ ಅತ್ತರೆ ನಮ್ಮ ಹೆಂಗಸರು ಗೊಂಪಕ್ಕೆ ಕರೆದುಕೊಂಡು ಹೋಗಿ ಮಂತ್ರಿಸಿದ ಕೆಂಪು ದಾರ ಕಟ್ಟಿಸಿಕೊಂಡು ಬರುತ್ತಾರೆ. ಅದೇ ಕೈಯಲ್ಲಿ ದರ್ಗಾದ ತಾಯತ, ಧರ್ಮಸ್ಥಳದ ದಾರವೂ ಇರುತ್ತದೆ. ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರೋ ಸೇರಿಸಿ.

ಲೋಸರ್ ಹಬ್ಬಕ್ಕೆ ಹೊರಗಿನವರು ಬರಬಹುದಾ?

ಬನ್ನಿ. ಲೋಸರ್ ಅವರ ಯುಗಾದಿ, ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುತ್ತೆ. ನೋಡಲೇಬೇಕಾದದ್ದು ಹಬ್ಬಕ್ಕಿಂತ ಒಂದೆರಡು ದಿನ ಮೊದಲು ನಾಮ್‌ಡ್ರೋಲಿಂಗ್ ಅಂಗಳದಲ್ಲಿ ನಡೆಯುವ ಛಾಮ್, ಲಾಮಾಗಳು ಮುಖವಾಡ ಹಾಕಿ ಕುಣಿಯುವುದು. ಹಳೇ ವರ್ಷದ ಕೆಟ್ಟದ್ದನ್ನೆಲ್ಲ ಓಡಿಸಲು. ನಮ್ಮ ಕಡೆಯ ಅಜ್ಜಿಯರು ಚಾಪೆ ತಂದು ಮುಂದೆ ಕೂರುತ್ತಾರೆ. ಒಬ್ಬರು "ಇದು ನಮ್ಮ ಸೋಮನ ಕುಣಿತವೇ ಕಣಪ್ಪ" ಅಂದರು. ಮುಖವಾಡ ನೋಡಿದರೆ ತಪ್ಪು ಅನ್ನಿಸಲಿಲ್ಲ.

ಪರಿಚಯದವರ ಮನೆಗೆ ಹೋದರೆ ಖಾಪ್ಸೆ ಕೊಡುತ್ತಾರೆ. ಕರಿದ ಹಿಟ್ಟಿನ ತಿಂಡಿ, ಶಂಕರಪೋಳಿಗೆ ಅಣ್ಣ ಅನ್ನಬಹುದು. ನಮ್ಮ ಮನೆಯಿಂದ ಅವರಿಗೆ ಗೌರಿ ಹಬ್ಬದ ಕಡುಬು ಹೋಗುತ್ತೆ. ಉಪ್ಪು ಹಾಕಿದ ಬೆಣ್ಣೆ ಚಹಾವನ್ನು ಮಾತ್ರ ಮೊದಲೇ ಎಚ್ಚರಿಸುತ್ತೇನೆ: ಚಹಾ ಅಂದುಕೊಂಡು ಕುಡಿಯಬೇಡಿ, ಸಾರು ಅಂದುಕೊಂಡು ಕುಡಿಯಿರಿ.

ಲಾಮಾಗಳು ಮಾಂಸ ತಿಂತಾರಾ?

ಹಲವರು ತಿನ್ನುತ್ತಾರೆ. ಏನೂ ಬೆಳೆಯದ ಎತ್ತರದ ನಾಡಿನ ಅಭ್ಯಾಸ ಅದು. ಆದರೆ ದೊಡ್ಡ ಮಠಗಳ ಸಾಮೂಹಿಕ ಅಡುಗೆಯಲ್ಲಿ ಈಗ ಸಸ್ಯಾಹಾರವೇ ಜಾಸ್ತಿ. ಅವರ ನಾಲ್ಕನೇ ತಿಂಗಳು ಸಾಗಾ ದಾವಾ. ಆಗ ಮನೆಯವರೂ ಎಷ್ಟೋ ಜನ ಬಿಡುತ್ತಾರೆ, ನಮ್ಮ ಶ್ರಾವಣದ ಹಾಗೆ.

ಅವರಿಗೆ ಓಟು ಇದೆಯಾ? ಇಲ್ಲಿಯವರೇ ಆಗಿಬಿಟ್ಟಿದ್ದಾರಾ?

1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಇಲ್ಲಿನ ನಾಗರಿಕರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. 2014ರಲ್ಲಿ ಚುನಾವಣಾ ಆಯೋಗವೂ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದಿತು.

ಆದರೂ ಬೇಡ ಅನ್ನುವವರು ಬಹಳ. ಕೆಲವರಿಗೆ ನಾಗರಿಕತ್ವ ತೆಗೆದುಕೊಂಡರೆ ಕ್ಯಾಂಪಿನ ಮನೆ, ಹೊಲ ಬಿಡಬೇಕಾದೀತು ಎಂಬ ಭಯ. ಇನ್ನು ಕೆಲವರಿಗೆ ಅದು ಟಿಬೆಟ್ ಕೈಬಿಟ್ಟ ಹಾಗೆ. ಪರಿಚಯದ ಒಬ್ಬರು ಪಾ ಲಾ ಇಲ್ಲೇ ಹುಟ್ಟಿದವರು, ಟಿಬೆಟ್ ನೋಡಿಲ್ಲ. ವರ್ಷಾನುಗಟ್ಟಲೆಯಿಂದ ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ ನವೀಕರಿಸುತ್ತಾ ಬಂದಿದ್ದಾರೆ. "ಓಟು ಬೇಡ್ವಾ?" ಅಂದೆ. "ನಿಮ್ಮ ಪಂಚಾಯಿತಿ ಎಲೆಕ್ಷನ್ ಗಲಾಟೆ ನೋಡಿದ್ದೀನಿ, ಬೇಡ" ಅಂದು ನಕ್ಕರು.

ಬೌದ್ಧ ವಿಹಾರ ಕರ್ನಾಟಕಕ್ಕೆ ಹೊಸದಾ?

ಹೊಸದೇನಲ್ಲ, ನಡುವೆ ಮರೆತಿದ್ದೆವು. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಭೀಮಾ ತೀರದ ಸ್ತೂಪ ಸಿಕ್ಕಿತು. ಅಲ್ಲಿನ ಒಂದು ಕಲ್ಲಿನಲ್ಲಿ ಅಶೋಕನ ಚಿತ್ರವೂ, ಪಕ್ಕದಲ್ಲಿ ಅವನ ಹೆಸರೂ ಇದೆ. ಮಂಗಳೂರಿನ ಕದ್ರಿಯಲ್ಲಿ ಅಳುಪ ರಾಜ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಬೋಧಿಸತ್ವ ಲೋಕೇಶ್ವರನ ಕಂಚಿನ ಮೂರ್ತಿ ಈಗಲೂ ಮಂಜುನಾಥನ ದೇವಸ್ಥಾನದಲ್ಲೇ ಇದೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಗದಗ ಜಿಲ್ಲೆಯ ಡಂಬಳ. ಅಲ್ಲಿನ 1095ರ ಶಾಸನದ ಪ್ರಕಾರ ವಿಹಾರ ಕಟ್ಟಿಸಿದವರು ಹದಿನಾರು ಜನ ಸೆಟ್ಟಿಗಳು. ಊರಿನ ವ್ಯಾಪಾರಿಗಳು ಸೇರಿ ಕಟ್ಟಿದ್ದು. ಜಿಂದಾಗಳು ಆಗಲೂ ಇದ್ದರು ನೋಡಿ.

ಹೊಸ ಕಾಲದ್ದರಲ್ಲಿ ಬೆಂಗಳೂರು ಗಾಂಧಿನಗರದ ಮಹಾಬೋಧಿ ಸೊಸೈಟಿ ಇದೆ, 1956ರಲ್ಲಿ ಆಚಾರ್ಯ ಬುದ್ಧರಕ್ಖಿತ ಕಟ್ಟಿದ್ದು. ಕಲಬುರಗಿಯ ಬುದ್ಧ ವಿಹಾರ 2009ರದ್ದು. ಅದಕ್ಕೂ ಊರಿಗೂ ಇರುವ ಸಂಬಂಧ ಪೂರ್ತಿ ಬೇರೆ. ಅದರ ಹಿಂದಿರುವುದು ಅಂಬೇಡ್ಕರ್ ದಾರಿ, ಅಲ್ಲಿಗೆ ಬರುವ ಜನರೇ ಬೌದ್ಧರು. ಬೈಲಕುಪ್ಪೆಯಲ್ಲಿ ಬೌದ್ಧರು ಒಳಗೆ, ಸುತ್ತಲಿನವರು ನೆರೆಯವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಮ್ಮ ಮುಂಡಗೋಡಲ್ಲೂ ಹೀಗೇನಾ?

ಬಹುಪಾಲು ಹೀಗೇ. ಅಲ್ಲಿ 1966ರಲ್ಲಿ ಶುರುವಾಯಿತು, ದೊಡ್ಡ ಮಠಗಳು ಗಾಡೆನ್ ಮತ್ತು ಡ್ರೆಪುಂಗ್. ನೀವು "ಲಾಮಾ ಕ್ಯಾಂಪ್" ಅನ್ನುತ್ತೀರಿ, ನಾವು ಬರೀ "ಕ್ಯಾಂಪ್". ಮುಖ್ಯ ವ್ಯತ್ಯಾಸ ಪ್ರವಾಸಿಗರದು. ನಿಮ್ಮಲ್ಲಿ ಹೆದ್ದಾರಿ ಪಕ್ಕ ಚಿನ್ನದ ಗುಡಿ ಇಲ್ಲ. ಹಾಗಾಗಿ ಕಸವೂ ಕಡಿಮೆ, ಆಟೋದವರ ಸಂಪಾದನೆಯೂ ಕಡಿಮೆ.

ಕ್ಯಾಂಪಿನ ಯುವಕರೆಲ್ಲ ಫಾರಿನ್‌ಗೆ ಹೋದರೆ ಮುಂದೇನು?

ಅದು ಆಗಲೇ ನಡೆಯುತ್ತಿದೆ. ಕೆನಡಾ, ಅಮೆರಿಕ, ಯೂರೋಪ್. ಎಷ್ಟೋ ಮನೆಗೆ ಬೀಗ. ಮಠಗಳು ತುಂಬಿವೆ, ಆದರೆ ಹಿಮಾಲಯದ ಬೇರೆ ಊರುಗಳ ಹುಡುಗರಿಂದ. ಅವರಿಗೆ ಈ ನೆಲದಲ್ಲಿ ಹೊಲವಿಲ್ಲ, ತಾತ ಕಾಡು ಕಡಿದ ನೆನಪಿಲ್ಲ, ಓದು ಮುಗಿದರೆ ಲಡಾಖ್‌ಗೋ ತವಾಂಗ್‌ಗೋ ಹೋಗುತ್ತಾರೆ. ನಮ್ಮ ಊರುಗಳ ಜೊತೆ ಬೆರೆತದ್ದು ಗೊಂಪಕ್ಕಿಂತ ಹೆಚ್ಚಾಗಿ ಕ್ಯಾಂಪಿನ ಸಂಸಾರಗಳು. ಅವು ಕಡಿಮೆಯಾದರೆ ಗೊಂಪಕ್ಕೂ ಊರಿಗೂ ನಡುವೆ ಮಾತಾಡುವವರೇ ಕಡಿಮೆಯಾಗುತ್ತಾರೆ ಅನ್ನುವುದು ನನ್ನ ಚಿಂತೆ.

2018ರ ಆಗಸ್ಟಿನಲ್ಲಿ ಟಿಬೆಟನ್ನರು ಬೆಂಗಳೂರಲ್ಲಿ "ಥ್ಯಾಂಕ್ ಯೂ ಕರ್ನಾಟಕ" ಅಂತ ದೊಡ್ಡ ಕಾರ್ಯಕ್ರಮ ಮಾಡಿದರು, ದಲೈ ಲಾಮಾ ಬಂದಿದ್ದರು. ಆ ವಾರ ನಮ್ಮ ಪಕ್ಕದ ಕ್ಯಾಂಪಿನ ಆಮಾ ಲಾ ಒಬ್ಬರು ಅದೇ ಮಾತು ಹೇಳಲು ಮನೆಗೆ ಬಂದರು, ಕೈಯಲ್ಲಿ ಬಿಳಿ ಖಾತಾ, ಅಂದರೆ ಗೌರವಕ್ಕೆ ಹಾಕುವ ಶಾಲು. ಅಮ್ಮನ ಕುತ್ತಿಗೆಗೆ ಹಾಕಿದರು. ಅಮ್ಮ ಅದನ್ನು ಒಗೆದು, ಮಡಿಸಿ, ದೇವರ ಮನೆಯ ಮೊಳೆಗೆ ನೇತುಹಾಕಿದ್ದಾರೆ. ಈಚೆಗೆ ಆಮಾ ಲಾ ಮಗಳ ಹತ್ತಿರ ಟೊರಾಂಟೊಗೆ ಹೋದರು. ಮನೆಯ ಬೀಗದ ಕೈ ನಮ್ಮ ಮನೆಯಲ್ಲಿದೆ. ತಿಂಗಳಿಗೊಮ್ಮೆ ಹೋಗಿ ಬಾಗಿಲು ತೆರೆದು, ಗಾಳಿ ಆಡಿಸಿ, ನಲ್ಲಿ ಬಿಟ್ಟು ನೋಡಿ ಬರುತ್ತೇನೆ.